ಮಿಕ್ಸರ್ ಎಂದು ಒಯ್ದ ವಿಡಿಯೋ ಸ್ವಿಚರ್ ಕುರಿತು

ಹೆಸರು ದೇವಕಿ, ಗಂಡ ಅಶ್ವತ್ಥನಾರಾಯಣ, ವಯಸ್ಸು 46 ವರ್ಷ, ಕೇಂದ್ರ ಸರ್ಕಾರದ ಕಚೇರಿಯೊಂದರಲ್ಲಿ ಹಿರಿಯ ಗುಮಾಸ್ತೆ, ವಾಸ ಸರ್ಕಾರಿ ವಸತಿಗೃಹ, ಕಿದ್ವಾಯಿ ನಗರ, ನವದೆಹಲಿ. ಯಾರೂ ಕರೆಸದೆ ನಾನಾಗಿಯೇ ಠಾಣೆಗೆ ಬಂದು, ನನ್ನ ಕೈಯಾರೆ ಬರೆದು ತಿಳಿಸುವುದೇನೆಂದರೆ:

ನಮ್ಮ ಕನ್ನಡ ಬಳಗದ ರಾಜ್ಯೋತ್ಸವ ಇಂದು ಸಂಜೆ ಆರು ಗಂಟೆಗೆ ವಸಂತ್ ಕುಂಜ್‌ನ ಸಭಾಂಗಣದಲ್ಲಿ ಇರುತ್ತದೆ. ಕಳೆದ ವರ್ಷ ಕ್ಯಾಮೆರಾ, ಡಿವಿಡಿ, ಲ್ಯಾಪ್‌ಟಾಪ್ ಮೂರಕ್ಕೂ ಒಂದೇ ಪ್ರೊಜೆಕ್ಟರ್ ಇದ್ದು, ಪ್ರತಿ ಸಲವೂ ವೈರ್ ಕಿತ್ತು ಚುಚ್ಚಬೇಕಾಯಿತು. ಅಷ್ಟು ಹೊತ್ತೂ ಪರದೆ ನೀಲಿಯಾಗಿ, ಜನ ಸೀಟಿ ಹೊಡೆದರು. ಆದ್ದರಿಂದ ಈ ವರ್ಷ, ಮೂರನ್ನೂ ಒಟ್ಟಿಗೆ ಜೋಡಿಸಿಟ್ಟು ಬೇಕಾದ ಚಿತ್ರವನ್ನು ಪರದೆಗೆ ಕಳಿಸುವ ವಿಡಿಯೋ ಸ್ವಿಚರ್ ಕೊಳ್ಳುವುದೆಂದು ತೀರ್ಮಾನವಾಯಿತು. ಗುಂಡಿ ಒತ್ತುವ ಸಣ್ಣ ಡಬ್ಬಿ ಸಾಕು, ಹೆಂಗಸರು ಇದರಲ್ಲೆಲ್ಲ ತಲೆ ಹಾಕುವುದೇಕೆ ಎಂದು ಕಾರ್ಯದರ್ಶಿ ಇಂದುಶೇಖರ ಅವರು ಹೇಳಿದರು. ಹಾಗೆಂದದ್ದಕ್ಕೇ ಆ ಕೆಲಸವನ್ನು ನಾನು ವಹಿಸಿಕೊಂಡೆನು.

ನಾನು ಮತ್ತು ಮಗಳು ಲಾವಣ್ಯಾ ಪ್ರೊಜೆಕ್ಟರನ್ನು ಆಟೋದಲ್ಲಿ ತೊಡೆಯ ಮೇಲಿಟ್ಟುಕೊಂಡು ನೆಹರು ಪ್ಲೇಸ್‌ಗೆ ಹೋದೆವು. ಅಂಗಡಿಯವರ ಮಾತನ್ನು ನಾನು ನಂಬಲಿಲ್ಲ. ಭಯ್ಯಾ, ಶಟರ್ ಅರ್ಧ ಇಳಿಸಿ, ಗೋಡೆಯ ಮೇಲೆ ತೋರಿಸಿ ಎಂದೆನು. ಮೊದಲನೆಯ ಪೆಟ್ಟಿಗೆಯಲ್ಲಿ ಚಿತ್ರ ಬದಲಾಗುವಾಗ ಗೋಡೆ ಕಪ್ಪಾಯಿತು. ಎರಡನೆಯದರಲ್ಲಿ ಚಿತ್ರ ಒಮ್ಮೆ ಎಗರಿ ನಿಂತಿತು. ಮೂರನೆಯದು ಕ್ಯಾಮೆರಾಕ್ಕೆ ಚೆನ್ನಾಗಿತ್ತು, ಆದರೆ ಲ್ಯಾಪ್‌ಟಾಪಿನ ಕನ್ನಡ ಅಕ್ಷರ ಹಾಕಿದಾಗ ಒತ್ತುಗಳೆಲ್ಲ ಕಲಸಿಹೋಗಿ ‘ರಾಷ್ಟ್ರ’ ಎಂಬುದು ಮಸಿಯ ಚುಕ್ಕೆಯಂತೆ ಕಂಡಿತು. ಒತ್ತಕ್ಷರ ಕಾಣದ ಯಂತ್ರ ಕನ್ನಡ ಬಳಗಕ್ಕೆ ಏತಕ್ಕೆ? ಅಂಗಡಿಯವನು ಇಂಗ್ಲಿಷಿನಲ್ಲಿ ಬರೆದುಕೊಳ್ಳಿ ಎಂದನು. ನಾನು ಎದ್ದು ಬಂದೆನು.

ನಾಲ್ಕನೆಯ ಅಂಗಡಿಯ ಪೆಟ್ಟಿಗೆಯಲ್ಲಿ ಕಂಪ್ಯೂಟರಿಗೇ ಬೇರೆ ಜಾಗವಿದ್ದು, ಪ್ರೊಜೆಕ್ಟರಿಗೂ ಕಂಪ್ಯೂಟರಿನ ವೈರಿನಲ್ಲೇ ಚಿತ್ರ ಹೋಗುತ್ತಿತ್ತು. ಒಂದರಿಂದ ಇನ್ನೊಂದಕ್ಕೆ ಕಣ್ಣು ಮಿಟುಕಿಸುವಷ್ಟೂ ಕತ್ತಲಾಗದೆ ಬದಲಾಯಿತು. ಒತ್ತು, ದೀರ್ಘ, ಸೊನ್ನೆ ಎಲ್ಲವೂ ನೆಟ್ಟಗೆ ನಿಂತವು. ಮಮ್ಮಿ, ಯೇ ವಾಲಾ ಲೇ ಲೋ, ಇದೇ ಬೆಸ್ಟು ಎಂದು ಮಗಳು ಕುಣಿದಳು. ಅದನ್ನೇ ಕೊಂಡು ತಂದು ಮನೆಯಲ್ಲಿ ಸೋಫಾದ ಪಕ್ಕ ಇಟ್ಟೆವು. ಅಂದು ನನಗೆ ಆದ ಹೆಮ್ಮೆಯನ್ನು ಮುಚ್ಚಿಡುವ ಕಾರಣ ಕಾಣುವುದಿಲ್ಲ.

ಈ ವಸ್ತುವನ್ನು ಅಲ್ಲಿನ ಅಂಗಡಿಯವರೆಲ್ಲ ‘ಮಿಕ್ಸರ್’ ಎನ್ನುತ್ತಾರೆ. ಕೇಳಿ ಕೇಳಿ ನಾವೂ ಹಾಗೆಯೇ ಕರೆಯತೊಡಗಿದೆವು. ಚಟ್ನಿ ರುಬ್ಬುವುದಕ್ಕೆ ಮೈಸೂರು ಕಡೆಯ ನಮ್ಮ ಮನೆಯಲ್ಲಿ ‘ಮಿಕ್ಸಿ’ ಎನ್ನುತ್ತೇವೆಯೇ ಹೊರತು ಮಿಕ್ಸರ್ ಎನ್ನುವುದಿಲ್ಲ.

ಸಮಾರಂಭದ ಅಡುಗೆ ವಹಿಸಿಕೊಂಡವರು ನೋಯ್ಡಾದ ಮಲ್ಲಿಕಾರ್ಜುನ ಅವರು, ಕಲಬುರ್ಗಿ ಕಡೆಯವರು. ಅವರ ರುಬ್ಬುವ ಯಂತ್ರ ಸುಟ್ಟುಹೋಗಿದ್ದರಿಂದ ನಮ್ಮ ಮಿಕ್ಸಿ ಕೊಡುವೆನೆಂದು ನಿನ್ನೆ ಹೇಳಿದ್ದೆನು. ಇಂದು ಬೆಳಿಗ್ಗೆ ಏಳೂವರೆಗೆ ನಾನು ಬಚ್ಚಲಲ್ಲಿದ್ದಾಗ ಬಾಗಿಲಲ್ಲಿ ಗಂಡಸಿನ ದನಿ, ‘ಅಕ್ಕಾರ, ಮಿಕ್ಸರ್ ಎಲ್ಲಿ ಅದ?’ ಎಂದು ಕೇಳಿತು. ಸ್ವಿಚರ್ ಒಯ್ಯಲು ಬರಬೇಕಿದ್ದ ಸಭಾಂಗಣದ ಗಾಡಿಯವನು ಬಂದನೆಂದು ತಿಳಿದು, ಸೋಫಾದ ಪಕ್ಕದ ಡಬ್ಬ, ಹುಷಾರಾಗಿ ಒಯ್ಯಿ ಎಂದು ಒಳಗಿನಿಂದಲೇ ಕೂಗಿದೆನು. ಬಂದವರು ಮಲ್ಲಿಕಾರ್ಜುನ ಅವರು, ಅವರ ಕಡೆ ಮಿಕ್ಸಿಯನ್ನೇ ಮಿಕ್ಸರ್ ಎನ್ನುತ್ತಾರೆ ಎಂಬುದು ನನಗೆ ಆಗ ತಿಳಿಯಲಿಲ್ಲ. ಅಡುಗೆಮನೆಯಲ್ಲಿದ್ದ ಮಿಕ್ಸಿ ಅಲ್ಲಿಯೇ ಉಳಿಯಿತು. ನಾನು ಪರದೆ ಕಟ್ಟಿಸಲು ಸಭಾಂಗಣಕ್ಕೆ ಹೋದೆನು.

ಒಂಬತ್ತು ಗಂಟೆಗೆ ಇಂದುಶೇಖರ ಅವರು ಸ್ವಿಚರ್ ಹೋಯಿತೇ ಎಂದು ನೋಡಲು ನಮ್ಮ ಮನೆಗೆ ಬಂದಾಗ, ಅಡುಗೆ ಅಂಕಲ್ ಡಬ್ಬ ಒಯ್ದರು ಎಂದು ಲಾವಣ್ಯಾ ಹೇಳಿದ್ದಾಳೆ. ಅವರು ನನ್ನನ್ನು ಒಂದು ಮಾತೂ ಕೇಳದೆ ನೇರ ಠಾಣೆಗೆ ಬಂದು, ತಾವು ಆರಿಸಿ ತಂದ ಸ್ವಿಚರನ್ನು ಅಡುಗೆಯವನು ಕದ್ದನೆಂದು ಹಿಂದಿಯಲ್ಲಿ ದೂರು ಬರೆದುಕೊಟ್ಟಿದ್ದಾರೆ. ಪೊಲೀಸರು ಹೋದಾಗ ಡಬ್ಬ ಮಲ್ಲಿಕಾರ್ಜುನ ಅವರ ಅಡುಗೆಮನೆಯಲ್ಲಿ, ಕಟ್ಟಿದ ದಾರವೂ ಬಿಚ್ಚದೆ ಇತ್ತು. ಹಾಗಿದ್ದೂ ಅವರನ್ನು ಕರೆತಂದು ಬೆಂಚಿನ ಮೇಲೆ ಕೂರಿಸಿದ್ದಾರೆ. ವಿಷಯ ತಿಳಿದು ನಾನು ಮಧ್ಯಾಹ್ನ ಒಂದೂವರೆಗೆ ಇಲ್ಲಿಗೆ ಬಂದೆನು.

ಡಬ್ಬ ಸಿಕ್ಕಿತಲ್ಲ ಮೇಡಂ, ಸುಮ್ಮನಿರಿ, ನೀವೇ ಕೊಟ್ಟಿರಿ ಎಂದರೆ ಬಳಗದ ಮರ್ಯಾದೆ ಹೋಗುತ್ತದೆ, ಅಡುಗೆಯವನಿಗೆ ಏನು ಮಹಾ ಎಂದು ಇಂದುಶೇಖರ ಅವರು ವರಾಂಡದಲ್ಲಿ ನನ್ನ ಬಳಿ ಪಿಸುಗುಟ್ಟಿದರು. ನನಗೆ ಮೈಯೆಲ್ಲ ಉರಿಯಿತು. ಆ ಸ್ವಿಚರನ್ನು ಆರಿಸಿದವಳು ನಾನು. ಸೋಫಾದ ಪಕ್ಕದ್ದು ಒಯ್ಯಿ ಎಂದವಳೂ ನಾನೇ. ಒಂದನ್ನು ನನ್ನದೆಂದು ಎದೆಯುಬ್ಬಿಸಿ, ಇನ್ನೊಂದನ್ನು ಅವರ ತಲೆಗೆ ಕಟ್ಟುವವಳು ನಾನಲ್ಲ. ಮಲ್ಲಿಕಾರ್ಜುನ ಅವರು ಏನನ್ನೂ ಕದ್ದಿಲ್ಲ.

ಹೇಳಿಕೆ ಹಿಂದಿಯಲ್ಲಿ ಕೊಡಿ ಎಂದು ಸಬ್ ಇನ್ಸ್‌ಪೆಕ್ಟರ್ ಸಾಹೇಬರು ಹೇಳಿದರು. ನನಗೆ ಹಿಂದಿ ಚೆನ್ನಾಗಿ ಬರುತ್ತದೆ, ಅನುವಾದವನ್ನೂ ನಾನೇ ಲಗತ್ತಿಸಿದ್ದೇನೆ. ಆದರೆ ಮಲ್ಲಿಕಾರ್ಜುನ ಅವರಿಗೆ ಹಿಂದಿ ಓದಲು ಬಾರದು. ತಮ್ಮ ಮೇಲೆ ಏನು ಬರೆದಿದ್ದಾರೆ ಎಂಬುದು ಬೆಳಗಿನಿಂದ ಅವರಿಗೆ ತಿಳಿದಿರಲಿಲ್ಲ. ಅದಕ್ಕಾಗಿ ಇದನ್ನು ಕನ್ನಡದಲ್ಲಿ ಬರೆದು, ಮೊದಲು ಅವರ ಕೈಗೆ ಕೊಟ್ಟಿರುತ್ತೇನೆ. ಅವರು ಬೆಂಚಿನಿಂದೆದ್ದು ಕಿಟಕಿಯ ಬಳಿ ನಿಂತು ಒಂದೊಂದೇ ಸಾಲು ಓದಿ, ‘ಖರೇ ಅದರಿ ಅಕ್ಕಾರ’ ಎಂದರು. ಆಮೇಲೆಯೇ ನಾನು ಸಹಿ ಹಾಕಿರುತ್ತೇನೆ.

ಸ್ಥಳ: ನವದೆಹಲಿ
ದಿನಾಂಕ: 19-11-2006
(ಸಹಿ) ದೇವಕಿ
ಓದಿ ನೋಡಿದವರು: (ಸಹಿ) ಮಲ್ಲಿಕಾರ್ಜುನ