ಕರಿಯಕ್ಕನ ಆಣೆ

ಈ ಸಭೆಯ ಅಧ್ಯಕ್ಷತೆ ವಹಿಸಿರುವ ಶ್ರೀ ಮರುಳಸಿದ್ದಯ್ಯನವರೇ, ವೇದಿಕೆಯ ಮೇಲಿರುವ ಗಣ್ಯರೇ, ಶಿರಾದ ವಕೀಲಮಿತ್ರರೇ, ನಮ್ಮ ಹಟ್ಟಿಯಿಂದ ಲಾರಿ ಹತ್ತಿ ಬಂದಿರುವ ಬಂಧುಗಳೇ, ನೆರೆದಿರುವ ಸಭಿಕರೇ,

ನಾನು ಸರ್ಕಾರಿ ವಕೀಲನಾದೆನೆಂದು ಈ ಸನ್ಮಾನ ಇಟ್ಟುಕೊಂಡಿದ್ದೀರಿ. ನಿರೂಪಕರು ನನ್ನನ್ನು ‘ಅಂಜನಪ್ಪ, ಬಿ.ಎ., ಎಲ್.ಎಲ್.ಬಿ.’ ಎಂದು ಮೂರು ಸಲ ಕರೆದರು. ಇನ್ನೊಂದು ಸಲ ಕರೆದಿದ್ದರೆ ಇನ್ನೊಂದು ಡಿಗ್ರಿಯೇ ಬಂದುಬಿಡುತ್ತಿತ್ತೇನೋ. ಆದರೆ ಆ ಎರಡನೆಯ ಡಿಗ್ರಿ ಹೇಗೆ ಬಂತು ಎಂಬುದನ್ನು ಯಾರೂ ಹೇಳಲಿಲ್ಲ. ಹೇಳುವುದು ಹೇಗೆ? ಅದು ಗೊತ್ತಿರುವುದು ನನಗೊಬ್ಬನಿಗೇ.

ಬಿ.ಎ. ಮುಗಿಸಿ ಮಧುಗಿರಿಯ ಕಚೇರಿಯೊಂದರಲ್ಲಿ ನಾಲ್ಕು ವರ್ಷ ಗುಮಾಸ್ತನಾಗಿದ್ದೆ. ಕಾಯಂ ನೌಕರಿ. ಬಾಗಿಲಲ್ಲಿ ಕೈಕಟ್ಟಿ ನಿಲ್ಲುತ್ತಿದ್ದ ನಮ್ಮ ಜನರ ಅರ್ಜಿಗಳನ್ನು ನಕಲು ಮಾಡಿ ಮಾಡಿ, ಇವರ ಪರವಾಗಿ ಕೋರ್ಟಿನಲ್ಲಿ ನಿಲ್ಲಬೇಕೆಂಬ ಹುಚ್ಚು ಹಿಡಿಯಿತು. ೧೯೭೭ರಲ್ಲಿ ರಾಜೀನಾಮೆ ಕೊಟ್ಟೆ. ವಿದ್ಯಾರ್ಥಿವೇತನ ಕೇಳಲು ಹೋದರೆ, ‘ಒಂದು ಡಿಗ್ರಿ ಆಗಿದೆಯಲ್ಲಪ್ಪ, ಇನ್ನೊಂದಕ್ಕೆ ಬರೋದಿಲ್ಲ’ ಎಂದರು. ತುಮಕೂರಿನ ಮೂರು ವರ್ಷದ ಓದಿಗೆ ದಾರಿ ಏನು? ಅಕ್ಕನ ಹತ್ತಿರ ಹೋದೆ.

ನಮ್ಮಕ್ಕ ಕರಿಯಕ್ಕ. ತಾಯಿ ಇಲ್ಲದ ನನ್ನನ್ನು ಸಾಕಿದವಳು. ಮದುವೆಯಲ್ಲಿ ಬಳುವಳಿಯಾಗಿ ಬಂದ ನಾಲ್ಕು ಕುರಿಗಳನ್ನು ಒಂದು ಹಿಂಡು ಮಾಡಿದ್ದಳು. ಗಂಡ ತೀರಿಕೊಂಡ ಮೇಲೂ ಆ ಹಿಂಡಿನಿಂದಾಗಿ ಯಾರ ಮನೆ ಬಾಗಿಲಿಗೂ ಹೋದವಳಲ್ಲ.

‘ಅಕ್ಕಾ, ತಿರ್ಗಾ ಡಿಗ್ರಿ ಓದ್ಬೇಕು’ ಎಂದೆ.

ನಮ್ಮ ಹಟ್ಟಿಯಲ್ಲಿ ತಿರುಗಾ ಓದುವುದೆಂದರೆ ಒಂದೇ ಅರ್ಥ. ಅವಳು ದನಿ ತಗ್ಗಿಸಿ, ‘ಪೇಲಾಗಿದ್ದೇನ್ಲಾ? ಅದು ಗೊತ್ತಾಗಿ ಕೆಲ್ಸದಿಂದ ತೆಗುದ್ಬುಟ್ರಾ?’ ಎಂದಳು.

ಅಲ್ಲ ಎನ್ನಬೇಕಿತ್ತು. ಕಾಯಂ ನೌಕರಿಯನ್ನು ನಾನೇ ಬಿಟ್ಟೆನೆಂದರೆ ಕುರಿ ಮಾರುತ್ತಾಳೆಯೇ? ಹೆದರಿದೆ. ಹೂಂ ಎಂದೆ.

‘ಓಗ್ಲಿ ಬುಡು. ಯಾರ್ ಕುಟೂ ಏಳ್ಬ್ಯಾಡ. ನಾನಿಲ್ವಾ?’ ಎಂದಳು.

ಫೀಸಿಗೊಮ್ಮೆ, ಪರೀಕ್ಷೆಗೊಮ್ಮೆ, ಕರಿಕೋಟಿಗೊಮ್ಮೆ ಕುರಿಗಳು ಶಿರಾ ಸಂತೆಗೆ ಹೋದವು. ಮೂರನೆಯ ವರ್ಷ ಕುರಿರೊಪ್ಪ ಖಾಲಿಯಾಯಿತು. ನಮ್ಮಕ್ಕ ಗೌಡಗೆರೆ ಕಡೆ ಕಂಡವರ ಹೊಲದಲ್ಲಿ ಕಡಲೆಕಾಯಿ ಕೀಳುವ ಕೂಲಿಗೆ ಹೋದಳು. ವಕೀಲನಾದ ಮೇಲೆ ಕುರಿ ಕೊಡಿಸುತ್ತೇನೆಂದೆ. ‘ಮಂಡಿ ನೋಯ್ತವೆ, ಇನ್ನೆಲ್ಲಿ ಮೇಯಿಸ್ಲಿ’ ಎಂದಳು.

ಇದಿಷ್ಟೇ ನನ್ನ ತಪ್ಪು ಎಂದುಕೊಂಡಿದ್ದೆ, ಸಭಿಕರೇ. ಹೋದ ತಿಂಗಳು ಹಟ್ಟಿಯಲ್ಲಿ ನಮ್ಮ ಕುಲದೈವ ಜುಂಜಪ್ಪನಿಗೆ ಹಾಲು ಎರೆಯುವ ದಿನ, ಅಕ್ಕ ಗುಡಿಯ ಬೇಲಿಯಾಚೆಯೇ ನಿಂತಿದ್ದಳು. ಒಳಗೆ ಬಾರಕ್ಕ ಎಂದೆ.

‘ಹೆಂಗ್ ಬರ್ಲಿ ಕಣ್ಲಾ? ನೀನು ತುಮ್ಕೂರಲ್ಲಿದ್ದಾಗ, ನಿನ್ ತಮ್ಮ ಡುಮ್ಕಿ ಹೊಡ್ದವ್ನೆ ಅಂತ ಎಲ್ರೂ ಆಡ್ಕಂಡ್ ನಗೋರು. ತಡೀಲಾರ್ದೆ ಇಲ್ಲೇ ಗುಡಿ ಮುಂದೆ, ಹಟ್ಟಿ ಮುಂದೆ, ನನ್ ತಮ್ಮ ಪಾಸಾಗವ್ನೆ, ಜುಂಜಪ್ಪನಾಣೆ ಅಂದ್ಬುಟ್ಟೆ. ಸುಳ್ಳಾಣೆ ಇಟ್ಟೋಳು ಸ್ವಾಮಿ ಮುಂದೆ ನಿಲ್ಲಾದು ಹೆಂಗೆ?’

ಒಂಬತ್ತು ವರ್ಷ. ಒಂಬತ್ತು ವರ್ಷದಿಂದ ನಮ್ಮಕ್ಕ ಆ ಗುಡಿಯೊಳಗೆ ಕಾಲಿಟ್ಟಿಲ್ಲ. ಮಗಳ ಕೂಸು ತೀರಿಕೊಂಡಾಗಲೂ ತನ್ನ ಆಣೆಯೇ ತಟ್ಟಿತೆಂದು ಅತ್ತಿದ್ದಾಳೆ. ಅಂದು ನಿಜ ಹೇಳಿದೆನೇ? ಇಲ್ಲ. ಕೋರ್ಟಿನಲ್ಲಿ ಗಂಟೆಗಟ್ಟಲೆ ಮಾತನಾಡುವ ನಾನು ಅವಳನ್ನು ಬೇಲಿಯಾಚೆಯೇ ಬಿಟ್ಟು ಗುಡಿಯೊಳಗೆ ಹೋದೆ. ನಾಚಿಕೆಯಾಗುತ್ತದೆ.

ಅವಳು ಇಲ್ಲೇ ಕುಳಿತಿದ್ದಾಳೆ. ಆಣೆ ಇಟ್ಟದ್ದು ಹಟ್ಟಿಯ ಮುಂದೆ; ಅದಕ್ಕೇ ಹಟ್ಟಿಯ ಮುಂದೆಯೇ ಹೇಳುತ್ತಿದ್ದೇನೆ. ನನ್ನ ಹೊಗಳಿಕೆಗೆ ಖರ್ಚು ಮಾಡಿದ ನಿಮಗೂ, ಅಧ್ಯಕ್ಷರಿಗೂ ನಾನು ಋಣಿ. ಇನ್ನು ಉಳಿದಿರುವುದು ಒಂದೇ ಮಾತು.

ಅಕ್ಕಾ, ನಾನು ಪೇಲಾಗಿರ್ಲಿಲ್ಲ. ಮೊದಲ್ನೇ ಸಲಾನೇ ಪಾಸಾಗಿದ್ದೆ. ನೀನಿಟ್ಟಿದ್ದು ಸತ್ಯದ ಆಣೆ ಕಣಕ್ಕ. ಸುಳ್ಳೇಳಿದೋನು ನಾನು.

ನಮಸ್ಕಾರ.