ಬಾಣಕ್ಕೆ ಗಂಜಿ

ತಮಿಳು ಊರಿನ ನಿಲ್ದಾಣದಲ್ಲಿ ವಾಲ್ಪಾರೈ ಬಸ್ಸಿಗೆ ಕಾಯುತ್ತಿದ್ದ ದ್ರಾಕ್ಷಾಯಣಿಗೆ ಬೆನ್ನ ಹಿಂದೆ ತಮಿಳು ಧಾಟಿಯ ಕನ್ನಡ ಕೇಳಿ ಕಿವಿ ನೆಟ್ಟಗಾಯಿತು. ಕಾಲೇಜು ಹುಡುಗಿಯೊಬ್ಬಳು ತಾನೇ ಮಾಡಿದ ಮರದ ಕೆಂಪು ಬಾಣಗಳನ್ನು ಹಿಡಿದು ನೇಕಾರ ತಾತನ ಮೇಲೆ ಹರಿಹಾಯುತ್ತಿದ್ದಳು.

"ಬಣ್ಣ ಒಣಗಿದ ಮೇಲೆ ವಾರ್ನಿಷ್ ಬಳಿ ಅಂದ್ರೆ ಗಂಜಿ ಬಳಿದಿದ್ಯಲ್ಲಾ ತಾತಾ!"

"ನೂಲನ್ನ ಗಟ್ಟಿ ಮಾಡೋದೇ ಗಂಜಿ. ಐವತ್ತು ವರ್ಷದ ಕೈ ಇದು!"

"ಇದೇನು ಸೀರೆಯಾ? ಕೈಬೆವರಿಗೇ ಬಣ್ಣ ಕಿತ್ತುಬಂತು. ಬಿಲ್ಲುಗಾರಿಕೆ ಪೋಟಿಯಿಂದಲೇ ಹೊರಗೆ ಹಾಕಿದ್ರು!"

"ಗಂಜಿ ವಿಷಯ ಅವರಿಗೇನು ಗೊತ್ತು?"

"ನಾನು ತಂದಿಟ್ಟ ವಾರ್ನಿಷ್ ಎಲ್ಲಿ?"

"ಮಗ್ಗಕ್ಕೆ ಬಳಿದೆ. ಮನೆಗೆ ಅನ್ನ ಹಾಕೋದು ಅದಾ, ನಿನ್ನ ಬಾಣವಾ?"

ಮದುಕ್ಕರೈ ಬಸ್ ಬಂತು. ಹುಡುಗಿ ಬಾಣಗಳನ್ನು ತಾತನ ಕೈಗೆ ತುರುಕಿ ಮುಂದಿನ ಹೆಂಗಸರ ಬಾಗಿಲಿಂದ ಹತ್ತಿದಳು. ಹಿಂದಿನ ಬಾಗಿಲಲ್ಲಿ ತಾತ ಅಂಗೈಯನ್ನು ಬಿಳಿ ಪಂಚೆಗೆ ಮೆಲ್ಲಗೆ ಒರೆಸಿಕೊಂಡ. ಪಂಚೆ ಕೆಂಪಾಯಿತು.