ಕಾಲೇಜಿನ ತಗಡು

ಹರಿದ ಕಾಲೇಜು ಪುಸ್ತಕಗಳ ಗಂಟು ಹೊತ್ತುಕೊಂಡು ಬೈಂಡಿಂಗಿನ ಕಮರುದ್ದೀನ ಧಾರವಾಡ ಸ್ಟೇಶನ್ನಿನಲ್ಲಿ ಹುಬ್ಬಳ್ಳಿ ಗಾಡಿಗೆ ಕಾಯುತ್ತಿದ್ದ. ಬಾಜೂಕ ಹತ್ತಿ ವ್ಯಾಪಾರದ ಗುರಶಿದ್ದಪ್ಪ ಸಾಹುಕಾರರು ಕಾಲೇಜಿನ ಪ್ರೊಫೆಸರ್ ರಾಯರನ್ನು ಕಾಡಿಸುತ್ತಿದ್ದರು.

"ರಾಯರ, ನಿಮ್ಮಲ್ಲೆ ಕಲತಾವಗ ಮುಂಬೈಗೆ ಇಂಗ್ಲಿಷಿನ್ಯಾಗ ಒಂದ ಟೆಲಿಗ್ರಾಮು ಬರಿಯಾಕ ಬರೂದಿಲ್ಲಲ್ರಿ."

"ಯಾರಿಗ್ರಿ?"

"ನಮ್ಮ ಹಿರೇಮಗಗ."

"ಅವನ್ನ ನಾ ನಾಪಾಸ ಮಾಡಿದ್ದೆ. ಅದ ವಾರ ನೀವು ಕಾಲೇಜಿನ ಛಾವಣಿಗೆ ತಗಡು ಕಳಿಸಿದ್ರಿ. ಪ್ರಿನ್ಸಿಪಾಲರು ತಗಡು ನೋಡಿ, ಪೇಪರು ಇನ್ನೊಮ್ಮೆ ನೋಡ್ರಿ ಅಂದ್ರು. ಅಂವ ಪಾಸಾದ."

ಸಾಹುಕಾರರು ರುಮಾಲು ಸರಿಮಾಡಿಕೊಂಡರು.

"ಈ ವರ್ಷ ಸಣ್ಣಾವ ಪರೀಕ್ಷಾಕ್ಕ ಕುಂದರ್ತಾನ."

"ಗೊತ್ತದರಿ. ಲೈಬ್ರರಿ ಗ್ವಾಡಿನೂ ಅರ್ಧಕ್ಕ ನಿಂತದ."

"ಕಲ್ಲು ಕಳಸ್ತೇನಿ. ಇವಗ ಪೇಪರಿನ್ಯಾಗ ಬರದದ್ದಕ್ಕ ತಕ್ಕಷ್ಟ ಮಾರ್ಕು ಕೊಡ್ರಿ."

"ಹಂಗಂತ ಒಂದ ಚೀಟಿ ಕೊಡ್ರಿ, ಕಲ್ಲು ನೋಡಿದ್ರ ಪ್ರಿನ್ಸಿಪಾಲರು ನನ್ನ ಮಾತು ನಂಬೂದಿಲ್ಲ. ಹಿರೇಮಗನ ಕಡಿಂದ ಮಾತ್ರ ಬರಸಬ್ಯಾಡ್ರಿ."

ಗಾಡಿ ಬಂತು. ಸಾಹುಕಾರರು ನಗುತ್ತ ಫಸ್ಟ್ ಕ್ಲಾಸಿಗೆ ಹೋದರು. ರಾಯರು ಕಮರುದ್ದೀನನ ಹಿಂದೆಯೇ ಥರ್ಡ್ ಕ್ಲಾಸ್ ಹತ್ತಿದರು.